ಮರದ ನೆಲಕ್ಕೆ ಸಗಣಿ

ನೆಲ ಅಂದರೆ ಮಣ್ಣು, ಇಲ್ಲವೇ ಕಲ್ಲು, ಉಳ್ಳವರ ಮನೆಯಲ್ಲಾದರೆ ಗಾರೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಹುಟ್ಟಿ ಬೆಳೆದು, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಇಪ್ಪತ್ತಕ್ಕೆ ಕಾಲಿಟ್ಟಿದ್ದ ನನಗೆ ಗೊತ್ತಿದ್ದದ್ದು ಈ ಮೂರೇ. ಮರದಿಂದ ಬಾಗಿಲು ಮಾಡುತ್ತಾರೆ, ತೊಟ್ಟಿಲು ಮಾಡುತ್ತಾರೆ, ಗಾಡಿ ಮಾಡುತ್ತಾರೆ. ಅದನ್ನು ಕಾಲ ಕೆಳಗೆ ಹಾಸಿಕೊಂಡು ಓಡಾಡುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಮದುವೆಯಾಗಿ ಹಿರಿಯೂರಿನ ಹೊರಗಿದ್ದ ಹಳೇ ಬಂಗಲೆಗೆ ಬಂದೆ. ಅಲ್ಲಿ ನೆಲ ಮರದ್ದೇ ಆಗಿತ್ತು.

ಬಂಗಲೆ ನಮ್ಮದಲ್ಲ, ಸರ್ಕಾರದ್ದು. ಹಿಂದೆ ಯಾವನೋ ಬಿಳಿ ದೊರೆ ತನಗೆಂದು ಕಟ್ಟಿಸಿಕೊಂಡಿದ್ದನಂತೆ. ನಮ್ಮ ಮಾವ ಅದರ ಮೇಟಿ. ಅಂದರೆ ಬೀಗದ ಕೈ ಇಟ್ಟುಕೊಂಡು, ಬಂದ ಅಧಿಕಾರಿಗಳಿಗೆ ಹಾಸಿಗೆ ಹಾಸಿ, ಅಡುಗೆ ಮಾಡಿ ಬಡಿಸಿ, ಅವರು ಹೋದ ಮೇಲೆ ಬಾಗಿಲು ಹಾಕಿಕೊಳ್ಳುವ ಕೆಲಸ. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದ್ದರು. ಬಂಗಲೆಯ ಹಿಂದಿನ ಎರಡು ಕೋಣೆಯ ಮಣ್ಣು ನೆಲದ ಮನೆ ನಮಗೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ನಾನು ಅವರ ಮುಖವನ್ನೇ ನೋಡಿಲ್ಲ. ಮಾವ ಮೂರು ತಿಂಗಳಲ್ಲಿ ನಿವೃತ್ತಿಯಾಗುವವರಿದ್ದರು. ಅಲ್ಲೇ ದಿನಗೂಲಿಗೆ ದುಡಿಯುತ್ತಿದ್ದ ನನ್ನ ಗಂಡನಿಗೆ ಆ ಕೆಲಸ ಸಿಗಬೇಕಾದರೆ ಎಂಜಿನಿಯರ್ ಸಾಹೇಬರು ಬಂದು ಬಂಗಲೆ ನೋಡಿ, ಎಲ್ಲ ಸರಿಯಿದೆ ಎಂದು ಬರೆಯಬೇಕಿತ್ತು. ಸರಿಯಿಲ್ಲದಿದ್ದರೆ ಮಾವನ ಸರ್ವೀಸ್ ಪುಸ್ತಕಕ್ಕೆ ಕೆಂಪು ಶಾಯಿ, ನಮಗೆ ಮನೆಯಿಲ್ಲ. ಇಷ್ಟು ಮಾತ್ರ ನನ್ನ ಗಂಡ ಬಸ್ಸಿನಲ್ಲೇ ಹೇಳಿದ್ದ.

ಬಂದ ಮರುದಿನ ಮಾವ ದೊಡ್ಡ ಹಾಲಿನ ಬಾಗಿಲು ತೆಗೆದು ತೋರಿಸಿದರು.

"ಕಾಲು ಒರೆಸ್ಕಂಡು ಬಾರವ್ವ," ಅಂದರು.

ಒಂದು ಗೇಣು ಉದ್ದ, ಮೂರು ಬೆರಳು ಅಗಲದ ಮರದ ತುಂಡುಗಳು. ಒಂದರ ಪಕ್ಕಕ್ಕೆ ಇನ್ನೊಂದು ಓರೆಯಾಗಿ ಸೇರಿಕೊಂಡು, ಗೋಡೆಯಿಂದ ಗೋಡೆಗೆ ಜಡೆ ಹೆಣೆದ ಹಾಗೆ ಹೋಗಿದ್ದವು. ಒಂದು ಮೊಳೆಯೂ ಕಾಣುತ್ತಿರಲಿಲ್ಲ. ಮೊಳೆಯಿಲ್ಲದೆ ಹೇಗೆ ನಿಂತಿದೆ? ಅಡಿಯಲ್ಲಿ ಏನಿದೆ? ತುಂಡು ಯಾಕೆ, ಉದ್ದ ಹಲಗೆ ಯಾಕಲ್ಲ? ಪ್ರಶ್ನೆಗಳು ಗಂಟಲಿಗೆ ಬಂದು ನಿಂತವು. ನನ್ನ ಹುಟ್ಟುಗುಣವೇ ಅದು. ಅದು ಗೊತ್ತಿದ್ದೇ ನಮ್ಮವ್ವ ನನ್ನನ್ನು ಕಳಿಸಿಕೊಡುವಾಗ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದಳು: "ಒಂದು ತಿಂಗ್ಳು ಆ ಮನೇಲಿ ಏನು ಯಾಕೆ ಅಂತ ಕೇಳಬ್ಯಾಡ. ಬಾಯಿ ಮುಚ್ಕಂಡು ಕೆಲ್ಸ ಮಾಡು." ಜನ್ಮದಲ್ಲಿ ಅದೊಂದೇ ಸಲ ನಾನು ಅವಳ ಮಾತು ಕೇಳಿದ್ದು.

ಅದೇ ವಾರ ಮಾವ, ಗಂಡ ಇಬ್ಬರೂ ಕಾಗದಪತ್ರದ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋದರು. ಎರಡು ದಿನದ ಕೆಲಸ. ಹೊರಡುವಾಗ ಮಾವ ಕೀಲಿಕೈ ಕೊಟ್ಟು, "ಕಿಟಕಿ ತೆಗೆದು ಒಂದಿಷ್ಟು ಗಾಳಿ ಆಡ್ಸವ್ವ," ಅಂದರು. ಮರುದಿನ ಶುಕ್ರವಾರ. ನಾನು ನಮ್ಮ ಮನೆ ಸಾರಿಸಿ, ಹೊಸ್ತಿಲು ತೊಳೆದು, ಕುಂಕುಮ ಇಟ್ಟು, ಆಮೇಲೆ ಹಾಲಿನ ಕಿಟಕಿ ತೆಗೆಯಲು ಹೋದೆ. ಬೆಳಕು ಬಿದ್ದಾಗ ನೆಲ ಮಂಕಾಗಿ, ಬಿರುಕಿನಲ್ಲೆಲ್ಲ ಧೂಳು ಕೂತದ್ದು ಕಾಣಿಸಿತು. ನನಗೆ ಅಯ್ಯೋ ಅನ್ನಿಸಿತು. ಹೆಂಗಸಿಲ್ಲದ ಮನೆ. ಎರಡು ವರ್ಷದಿಂದ ಯಾರೂ ಸಾರಿಸಿಲ್ಲ. ಗಂಡಸರು ಬಾಯಿಬಿಟ್ಟು ಹೇಳುತ್ತಾರೆಯೇ?

ಬಂಗಲೆಯ ಹಿಂದೆ ಮಾವನ ಹಸು ಇತ್ತು. ಒಂದು ಮಂಕರಿ ಸಗಣಿ, ಎಂಟು ಬಿಂದಿಗೆ ನೀರು. ಬಗ್ಗಿ ನಿಂತು ಗೋಡೆಯಿಂದ ಬಾಗಿಲವರೆಗೆ, ಕೈ ಎತ್ತದೆ, ಕಮಾನು ಕಮಾನಾಗಿ ಸಾರಿಸಿದೆ. ನಮ್ಮೂರಲ್ಲಿ ನನ್ನ ಸಾರಣೆಗೆ ಹೆಸರಿತ್ತು, ಬೆರಳ ಗೆರೆ ಒಂದೂ ಕಾಣುತ್ತಿರಲಿಲ್ಲ. ಮರ ಮಣ್ಣಿಗಿಂತ ಜೋರಾಗಿ ನೀರು ಕುಡಿಯುತ್ತಿತ್ತು. ಬಾಯಾರಿದೆ ಪಾಪ ಎಂದು ಇನ್ನಷ್ಟು ಸುರಿದೆ. ಒಣಗಿದ ಮೇಲೆ ಬಿರುಕುಗಳೆಲ್ಲ ಮುಚ್ಚಿಕೊಂಡು ಹಾಲು ಒಂದೇ ಹಸಿರು ಬಣ್ಣಕ್ಕೆ ತಿರುಗಿತು. ನಡುವೆ ಎಂಟೆಳೆ ರಂಗೋಲಿ ಹಾಕಿ ದೂರ ನಿಂತು ನೋಡಿದೆ. ಎಷ್ಟು ಹೆಮ್ಮೆಯಾಯಿತು ಅಂದರೆ, ನೋಡಲು ಯಾರೂ ಇಲ್ಲವಲ್ಲ ಎಂದು ಹಸುವಿಗೇ ಹೇಳಿದೆ.

ಶನಿವಾರ ಮಧ್ಯಾಹ್ನ ಅವರಿಬ್ಬರೂ ಬಂದರು. ಮಾವ ಬಾಗಿಲು ತೆಗೆದವರು ಹೊಸ್ತಿಲ ಮೇಲೇ ನಿಂತುಬಿಟ್ಟರು. ನನ್ನ ಗಂಡ ಹಿಂದಿನಿಂದ ಇಣುಕಿ ನೋಡಿ, "ಲೇ, ಏನ್ ಮಾಡಿಟ್ಟಿದೀಯಾ ಇದು!" ಎಂದು ಕೂಗಿದ. ಮಾವ ಅವನ ಕಡೆ ಕೈ ಎತ್ತಿ ಸುಮ್ಮನಿರಿಸಿದರು. ನನ್ನನ್ನು ಕೇಳಿದ್ದು ಒಂದೇ ಮಾತು.

"ನೀರು ಎಷ್ಟು ಹಾಕ್ದೆ?"

"ಎಂಟು ಬಿಂದಿಗೆ ಮಾವ."

ಅವರು ಹೊಸ್ತಿಲ ಮೇಲೇ ಕೂತರು. ಅಷ್ಟರಲ್ಲಿ ಒಳಗೆ ಟಪ್ ಅಂತ ಶಬ್ದವಾಯಿತು. ಕಿಟಕಿಯ ಹತ್ತಿರ ಒಂದು ತುಂಡು ಜಾಗ ಬಿಟ್ಟು ಎದ್ದು ನಿಂತಿತು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಹಾಲಿನ ನಡುಭಾಗ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ನನ್ನ ಎಂಟೆಳೆ ರಂಗೋಲಿ ಎಂಟು ದಿಕ್ಕಿಗೆ ಒಡೆದಿತ್ತು. ಎಂಜಿನಿಯರ್ ಸಾಹೇಬರು ಬರಲು ಇಪ್ಪತ್ತೆಂಟು ದಿನ ಇತ್ತು.

ನನಗೆ ಅಳು ಬಂತು, ನಿಜ. ಆದರೆ ಅಳುತ್ತಲೇ ಆ ಎದ್ದ ತುಂಡನ್ನು ತಿರುಗಿಸಿ ನೋಡಿದೆ. ಅಡಿಗೆ ಕರ್ರಗೆ ಡಾಂಬರು ಅಂಟಿತ್ತು. ಮೊಳೆ ಯಾಕಿಲ್ಲ ಎಂದು ಆಗ ಗೊತ್ತಾಯಿತು. ಅಳು ಅರ್ಧಕ್ಕೇ ನಿಂತಿತು. ಮಾವ ಅದನ್ನು ನೋಡಿದರು ಅಂತ ಕಾಣುತ್ತದೆ. ಅವರು ಬಯ್ಯಲೇ ಇಲ್ಲ, ಮೂರು ದಿನವಾದರೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ತವರಿಗೆ ಕಳಿಸುವುದಕ್ಕೆ ಒಳ್ಳೆ ದಿನ ನೋಡುತ್ತಿದ್ದಾರೆ ಎಂದುಕೊಂಡು ನನ್ನ ಟ್ರಂಕಿನ ಬಟ್ಟೆ ಹೊರಗೇ ತೆಗೆಯಲಿಲ್ಲ.

ಮೂರನೇ ದಿನ ಚಿತ್ರದುರ್ಗದಿಂದ, ಮಾವ ಹೇಳಿಕಳಿಸಿದ್ದ ಬಡಗಿ ಸಾಬರು ಬಂದರು. ಮಾವನಿಗಿಂತ ಒಂದೆರಡು ವರ್ಷ ದೊಡ್ಡವರು, ಬಿಳಿ ಗಡ್ಡ, ಕಿವಿಯ ಮೇಲೆ ಸೀಸದ ಕಡ್ಡಿ. ಕೋಟೆಯ ಕೆಳಗಿನ ಬೀದಿಯಲ್ಲಿ ನವಾಬರ ಕಾಲದಿಂದ ಅವರ ಮನೆತನದ್ದು ಮರಗೆಲಸ. ನೆಲ ನೋಡಿದವರೇ ಗಡ್ಡ ನೀವಿಕೊಂಡು ನಕ್ಕರು. ಆ ನಗು ಕಂಡು ನನಗೆ ಮೈ ಉರಿಯಿತು.

"ನಗಬ್ಯಾಡ್ರಿ ಸಾಬ್ರೆ. ಸರಿ ಮಾಡಾಕೆ ಬರ್ತೈತೋ ಇಲ್ಲೋ ಹೇಳ್ರಿ," ಅಂದೆ. ಅವ್ವನ ಆಣೆ ಅಲ್ಲಿಗೆ ಮುಗಿಯಿತು.

"ಬರ್ತೈತೆ ಬೇಟಿ. ಆದ್ರೆ ಈಗಲ್ಲ. ಮರ ನೀರು ಕುಡಿದು ಕುಂತೈತೆ. ಕುಡಿದೋರ ಜತೆ ಮಾತಾಡಬಾರ್ದು. ಇಳೀಲಿ."

ಮೊದಲು ಒಣ ಸಗಣಿ ತೆಗೆಯಬೇಕಿತ್ತು, ಒಂದು ಹನಿ ನೀರೂ ಮುಟ್ಟಿಸದೆ. ತೆಂಗಿನ ಚಿಪ್ಪಿನ ಅಂಚಿನಿಂದ ನಾನು ಕೆರೆದೆ, ಪೊರಕೆ ಕಡ್ಡಿಯಿಂದ ಸಂದಿ ಕೆದಕಿದೆ. ಆಮೇಲೆ ಎದ್ದ ತುಂಡುಗಳನ್ನೂ ಸಡಿಲಾದವನ್ನೂ ಒಂದೊಂದಾಗಿ ಎತ್ತಿ ನೆರಳಿನಲ್ಲಿ, ನಡುವೆ ಗಾಳಿ ಆಡುವಂತೆ, ಅಡ್ಡ ಉದ್ದ ಪೇರಿಸಿ ಇಡಬೇಕು. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತವೆ. ಪ್ರತಿ ತುಂಡೂ ಅದರದ್ದೇ ಜಾಗಕ್ಕೆ ಹೋಗಬೇಕು ಎಂದು ಸಾಬರು ಹೇಳಿದ ತಕ್ಷಣ ನಾನು ಒಂದು ನೋಟ್‌ಬುಕ್ ತಂದು ಹಾಲಿನ ನಕ್ಷೆ ಬರೆದೆ. ಸಾಲಿಗೆ ಒಂದಕ್ಷರ, ತುಂಡಿಗೆ ಒಂದಂಕಿ. ಕ-ಒಂದು, ಕ-ಎರಡು ಎಂದು ಅಡಿಗೆ ಸೀಸದ ಕಡ್ಡಿಯಲ್ಲಿ ಗುರುತು ಹಾಕುತ್ತಾ ಹೋದರೆ, ಕೆಲವದರ ಮೇಲೆ ನನಗಿಂತ ಮೊದಲೇ ಯಾರೋ ಇಂಗ್ಲಿಷಿನಲ್ಲಿ ಅಂಕಿ ಬರೆದಿದ್ದರು! ಯಾರೋ ಏನೋ, ಅವನೂ ನನ್ನ ಹಾಗೆ ಮಂಡಿಯೂರಿ ಕೂತು ಎಣಿಸಿದ್ದಾನೆ. ಅಡಿಗೆ ಸುಣ್ಣದ ಗಾರೆಯ ಮೇಲೆ ಒಂದು ಮೂಳೆಯ ಗುಂಡಿ, ಒಂದು ಸುಟ್ಟ ಬೆಂಕಿಕಡ್ಡಿ ಸಿಕ್ಕವು. ದೊರೆಯ ಅಂಗಿಯದೋ, ಕೆಲಸಗಾರನದೋ ಎಂದು ನಾನು ದಿನವೆಲ್ಲ ಯೋಚಿಸಿದೆ. ನನ್ನ ಗಂಡ ಆ ಗುಂಡಿಯನ್ನು ತನ್ನ ಅಂಗಿಗೆ ಹೊಲಿಸಿಕೊಂಡ. ಅವನಿಗೆ ಅಷ್ಟೇ.

ಮರ ಒಣಗಿತು ಎಂದು ತಿಳಿಯುವುದು ಹೇಗೆ? ಸಾಬರು ತುಂಡೊಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ, "ಇನ್ನೂ ತಣ್ಣಗೈತೆ," ಅನ್ನುತ್ತಿದ್ದರು. ನನಗೆ ಆ ಕೆನ್ನೆಯ ಮೇಲೆ ನಂಬಿಕೆ ಬರಲಿಲ್ಲ. ನೀರು ಹೊರಗೆ ಹೋದರೆ ತೂಕ ಇಳಿಯಬೇಕಲ್ಲವೇ? ಎರಡು ತೆಂಗಿನ ಚಿಪ್ಪಿಗೆ ದಾರ ಕಟ್ಟಿ, ಒಂದು ಕೋಲಿಗೆ ತೂಗುಹಾಕಿ ತಕ್ಕಡಿ ಮಾಡಿದೆ. ಒಂದು ಕಡೆ ಮರದ ತುಂಡು, ಇನ್ನೊಂದು ಕಡೆ ಹುಣಸೆ ಬೀಜ. ಮೊದಲ ದಿನ ಮುನ್ನೂರ ಹನ್ನೊಂದು ಬೀಜ ತೂಗಿತು. ಮರುದಿನ ಮುನ್ನೂರ ನಾಲ್ಕು. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ನಾನು ತೂಗುವುದು, ಸಾಬರು ಬಂದ ದಿನ ಅವರು ಕೆನ್ನೆಗೆ ಒತ್ತಿಕೊಳ್ಳುವುದು. "ಕಿರಾಣಿ ಅಂಗಡಿ ಇಟ್ಕ ಬೇಟಿ, ಚೆನ್ನಾಗಿ ನಡೀತೈತೆ," ಎಂದು ಗೇಲಿ ಮಾಡುತ್ತಿದ್ದರು. ಹದಿನೈದನೇ ದಿನ ಬೀಜ ಇನ್ನೂರ ಅರವತ್ತೆರಡಕ್ಕೆ ನಿಂತು, ಮುಂದಿನ ಎರಡು ದಿನವೂ ಅಲ್ಲೇ ನಿಂತಿತು. ನಾನು ಬಾಯಿಬಿಡದೆ ತುಂಡನ್ನು ಸಾಬರ ಕೈಗೆ ಕೊಟ್ಟೆ. ಅವರು ಕೆನ್ನೆಗೆ ಒತ್ತಿ, ಕಣ್ಣು ತೆರೆದು, "ನಾಳೆ ಕೆಲ್ಸ ಹಿಡಿಯಾಣ," ಅಂದರು. ನನಗೆ ಗೆದ್ದಷ್ಟು ಖುಷಿ. ಅವರೂ ತಾವೇ ಗೆದ್ದವರ ಹಾಗೆ ಬೀಡಿ ಹಚ್ಚಿಕೊಂಡರು.

ಅಷ್ಟು ದಿನ ನಾನು ಕೈ ಹಚ್ಚದೆ ಬಿಟ್ಟದ್ದು ಹಿತ್ತಲ ಬಾಗಿಲ ಮೂಲೆಯನ್ನು. ಅಲ್ಲಿ ಒಂದು ಚಾಪೆಯಗಲದ ಜಾಗದಲ್ಲಿ ತುಂಡುಗಳ ಬಣ್ಣ ಬೇರೆ, ಗಾಢ ಕೆಂಪು. ಕಾಲಿಟ್ಟರೆ ಟಕಟಕ ಅನ್ನುತ್ತಿದ್ದವು. ಉಳಿದದ್ದೆಲ್ಲ ಸಾಗುವಾನಿ, ಇದು ಜಾಲಿ, ಗಾಡಿ ಗಾಲಿಗೆ ಹಾಕುವಂಥದ್ದು. ಅವನ್ನೂ ಎತ್ತಿ ಭದ್ರ ಮಾಡೋಣ ಎಂದು ಸಾಬರು ಹೇಳಿದ್ದರಿಂದ ನಾನೇ ಉಳಿಯ ತುದಿ ಕೊಟ್ಟು ಮೊದಲನೆಯದನ್ನು ಎಬ್ಬಿಸಿದೆ. ಅಡಿಗೆ ಡಾಂಬರು ಇರಲಿಲ್ಲ. ಕಂದು ಬಣ್ಣದ ಒಣ ಅಂಟು, ಕಂಬಳಿ ನೇಯುವವರು ನೂಲಿಗೆ ಹಾಕುವ ಹುಣಸೆ ಬೀಜದ ಗಂಜಿಯಂಥದು. ಅದರ ಕೆಳಗೆ, ಗಾರೆಯ ಹಳ್ಳಗಳಲ್ಲಿ, ಇನ್ನೇನೋ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದೆ. ಪುಡಿಯಲ್ಲಿ ಸಣ್ಣ ಸಣ್ಣ ಹುಲ್ಲಿನ ಎಳೆ.

ಸಗಣಿ. ಹುಟ್ಟಿದಾಗಿನಿಂದ ಕೈಯಲ್ಲಿ ಕಲಸಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದು ನನ್ನದಲ್ಲ. ನನ್ನದು ಮೇಲಿತ್ತು, ಇದು ಜಾಲಿ ತುಂಡುಗಳ ಕೆಳಗಿತ್ತು. ಈ ತುಂಡುಗಳನ್ನು ಕೂರಿಸುವ ಮೊದಲೇ ಯಾರೋ ಈ ನೆಲ ಸಾರಿಸಿದ್ದರು!

ಓಡಿಹೋಗಿ ಸಾಬರಿಗೆ ತೋರಿಸಿದೆ. ಅವರು ನಗಲಿಲ್ಲ. ಜಾಲಿ ತುಂಡನ್ನು ತಿರುಗಿಸಿ ನೋಡಿ, "ನಮ್ಮ ಅಬ್ಬಾನ ಉಳಿ ಏಟು ಇದು," ಅಂದರು. "ಆಗ ಲಡಾಯಿ ಕಾಲ. ಸಾಗುವಾನಿ ಸಿಗ್ತಿರ್ಲಿಲ್ಲ, ಡಾಂಬರೂ ಇಲ್ಲ." ನಾನು ಯಾರು ಸಾರಿಸಿದ್ದು, ಯಾವಾಗ, ಆಮೇಲೆ ಏನಾಯಿತು ಎಂದು ಒಂದೇ ಉಸಿರಿಗೆ ಕೇಳಿದೆ. ಅವರು ಕೀಸುಳಿಯ ಅಲಗು ಮಸೆಯುತ್ತಾ ತಲೆ ತಗ್ಗಿಸಿದರು. "ನಿಮ್ ಮಾವನ್ನ ಕೇಳು."

ಮಾವ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾನು ಅಂಗೈ ಚಾಚಿ ಆ ಪುಡಿ ತೋರಿಸಿದೆ. ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟರು.

"ನಿಮ್ಮತ್ತೆ," ಅಂದರು.

ಅವರು ಅಲ್ಲೇ ಗೋದಲಿಯ ಕಟ್ಟೆಯ ಮೇಲೆ ಕೂತು ಹೇಳಿದ್ದು ಇಷ್ಟು. ಅತ್ತೆಯೂ ಮದುವೆಯಾಗಿ ಬಂದು ವಾರವಾಗಿರಲಿಲ್ಲ. ಹರಿಯಬ್ಬೆ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ದೊರೆ ಬೇಟೆಗೆ ಹೋಗಿದ್ದ ದಿನ, ಬಾಗಿಲ ಕಡೆಯಿಂದ ಸಾರಿಸುತ್ತಾ ಬಂದಳು. ಚಾಪೆಯಗಲ ಆಗುವಷ್ಟರಲ್ಲಿ ಮಾವ ನೋಡಿ ನಿಲ್ಲಿಸಿದರು. ಆದರೆ ಅಷ್ಟು ಜಾಗ ಎದ್ದುಬಿಟ್ಟಿತು. ದೊರೆ ಬಂದವನು ಎಲ್ಲ ಆಳುಗಳನ್ನೂ ಸಾಲಾಗಿ ನಿಲ್ಲಿಸಿ ಯಾರು ಮಾಡಿದ್ದು ಎಂದು ಕೇಳಿದ.

"ನಾನು ಬಯ್ಯಲಿಲ್ಲವ್ವ. ಹೊಡೀಲಿಲ್ಲ. ಬೆಟ್ಟು ಮಾಡಿ ತೋರಿಸ್ದೆ. ಅಷ್ಟೇ ನಾನು ಮಾಡಿದ್ದು."

ದೊರೆ ಬಯ್ಯಲೂ ಇಲ್ಲವಂತೆ. ಮೂಗು ಹಿಡಿದುಕೊಂಡು ಏನೋ ಅಂದ. ಆಳುಗಳೆಲ್ಲ ನಕ್ಕರು. ಮಾವನೂ ನಕ್ಕರು, ಹೊಸ ಕೆಲಸ, ದೊರೆ ನಗುವಾಗ ನಗದೆ ಇರುವುದು ಹೇಗೆ. ಅಂದಿನಿಂದ ಅತ್ತೆ ಆ ಹಾಲಿಗೆ ಕಾಲಿಡಲಿಲ್ಲ. ದೊರೆ ಹೋದ, ದೇಶಕ್ಕೆ ಸ್ವಾತಂತ್ರ್ಯ ಬಂತು, ಯಾರು ಯಾರೋ ಅಧಿಕಾರಿಗಳು ಬಂದು ಹೋದರು. ಅಡುಗೆ ಮನೆಯಿಂದ ಮುಂದಿನ ಜಗಲಿಗೆ ಟೀ ಒಯ್ಯಬೇಕಾದರೂ ಆಕೆ ಹಾಲು ದಾಟದೆ ಗೋಡೆ ಸುತ್ತಿಕೊಂಡು, ಮಳೆಯಿದ್ದರೆ ಸೆರಗು ಹೊದ್ದುಕೊಂಡು ಹೋಗುತ್ತಿದ್ದಳು.

"ಎಷ್ಟು ಸಲ ಕರ್ದೆ. 'ಬಾರೇ, ಈಗ ಯಾರೂ ಇಲ್ಲ,' ಅಂದೆ. 'ನಿಮ್ಮ ನೆಲ ನೀವೇ ಇಟ್ಕಳ್ರಿ,' ಅಂದ್ಲು. ಸಾಯೋ ತನಕ ಅದೇ ಮಾತು."

ನನಗೆ ಸಿಟ್ಟು ಬಂತು. ಇಷ್ಟು ದಿನ ಬಯ್ಯದೆ ಇದ್ದದ್ದಕ್ಕೆ ಕೈಮುಗಿಯಬೇಕು ಅಂದುಕೊಂಡಿದ್ದವಳಿಗೆ, ಮುಖವನ್ನೇ ಕಾಣದ ಅತ್ತೆಯ ಪರವಾಗಿ ಕೆಂಡದಂಥ ಸಿಟ್ಟು. ಮಧ್ಯಾಹ್ನ ಮಾವನ ತಟ್ಟೆಯನ್ನು ಸದ್ದು ಬರುವಂತೆ ಇಟ್ಟೆ. ಮುದ್ದೆಗೆ ಸಾರು ಬಿಡುವಾಗ ಸಾಕೇ ಎಂದು ಕೇಳಲಿಲ್ಲ. ಅವರು ತಗ್ಗಿಸಿದ ತಲೆ ಎತ್ತದೆ ಉಂಡರು. ಆದರೆ ಸಿಟ್ಟು ಇಳಿದ ಮೇಲೂ ಒಂದು ಪ್ರಶ್ನೆ ಉಳಿದುಕೊಂಡಿತು. ಈ ಸಲ ಸಾಹೇಬರು ಯಾರು ಮಾಡಿದ್ದು ಎಂದು ಕೇಳಿದರೆ ಈ ಮನುಷ್ಯ ಏನು ಹೇಳುತ್ತಾರೆ? ಆಗ ಹೊಸ ಕೆಲಸ, ಈಗ ಮಗನ ಕೆಲಸ. ನನ್ನ ಅವ್ವ ಆಣೆ ಹಾಕಿಸಿ ಬೇಡವೆಂದಿದ್ದ ಎಲ್ಲ ಪ್ರಶ್ನೆಗಳನ್ನೂ ನಾನು ಕೇಳಿಬಿಟ್ಟಿದ್ದೆ, ಇದೊಂದನ್ನು ಬಿಟ್ಟು.

ಕೆಲಸ ನಿಲ್ಲುವಂತಿರಲಿಲ್ಲ, ಉಳಿದದ್ದು ಎಂಟೇ ದಿನ. ರಸ್ತೆ ಕೆಲಸದ ಮೇಸ್ತ್ರಿಯನ್ನು ಕೇಳಿ ನನ್ನ ಗಂಡ ಒಂದು ಡಬ್ಬ ಡಾಂಬರು ತಂದ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಕಾಯಿಸಿ, ಗಾರೆಯ ಮೇಲೆ ತೆಳ್ಳಗೆ ಬಳಿದು, ಆರುವ ಮೊದಲು ತುಂಡು ಕೂರಿಸಬೇಕು. ನಾನು ನಕ್ಷೆ ಹಿಡಿದು "ಗ-ಏಳು, ಗ-ಎಂಟು" ಎಂದು ಕೂಗುವುದು, ಗಂಡ ತುಂಡು ಹುಡುಕಿ ಕೊಡುವುದು, ಸಾಬರು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೂರಿಸುವುದು. ಒಡೆದುಹೋಗಿದ್ದ ಹತ್ತಾರು ತುಂಡಿಗೆ ಬದಲಾಗಿ ಸಾಬರು ಯಾವುದೋ ಹಳೇ ಮನೆಯ ಸಾಗುವಾನಿ ಬಾಗಿಲ ಹಲಗೆ ತಂದು ಕೊಯ್ದಿದ್ದರು. ಹೊಸ ಮರ ಹಾಕಿದರೆ ಅದು ಕುಗ್ಗುತ್ತದಂತೆ, ಹಳೆಯದಕ್ಕೆ ಹಳೆಯದೇ ಸರಿ ಅಂದರು. ಹಿತ್ತಲ ಬಾಗಿಲ ಮೂಲೆಗೆ ಬಂದಾಗ, "ಇಲ್ಲೂ ಸಾಗುವಾನಿನೇ ಹಾಕಾಣ ಮೇಟಿಯಣ್ಣ, ಬಣ್ಣ ಕೂಡ್ತೈತೆ. ಹಲಗೆ ಮಿಕ್ಕೈತೆ," ಅಂದರು.

"ಬ್ಯಾಡ. ಆ ಜಾಲಿ ತುಂಡೇ ಇರ್ಲಿ," ಅಂದರು ಮಾವ.

ಆಮೇಲೆ ಕೀಸುಳಿ ಆಡಿಸಿ ಏರುಪೇರು ತೆಗೆದದ್ದು, ಒಡೆದ ಗಾಜಿನ ಚೂರು ಹಿಡಿದು ಹೆರೆದದ್ದು, ಉಪ್ಪು ಕಾಗದ ಹಾಕಿ ಉಜ್ಜಿದ್ದು. ಗಾಜಿನ ಕೆಲಸ ನನಗೆ ಬಲು ಇಷ್ಟವಾಯಿತು. ಚೂರನ್ನು ಸ್ವಲ್ಪ ಬಾಗಿಸಿ ಎಳೆದರೆ ಈರುಳ್ಳಿ ಸಿಪ್ಪೆಯಂಥ ತೆಳುವಾದ ಸುರುಳಿ ಏಳುತ್ತದೆ, ಅದರಡಿ ಮರ ಹೊಸದಾಗಿ ಕಾಣುತ್ತದೆ. ಎರಡು ಸಲ ಬೆರಳು ಕೊಯ್ದುಕೊಂಡೆ. ಕೊನೆಗೆ ಕುರಿ ಕಾಯುವವರ ಹತ್ತಿರ ಕೊಂಡ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಟರ್ಪೆಂಟಿನ ಎಣ್ಣೆ ಬೆರೆಸಿ, ಬಟ್ಟೆ ಉಂಡೆಯಲ್ಲಿ ಅದ್ದಿ ಹಚ್ಚಿದೆವು. ಹಚ್ಚಿದ ಮೇಲೆ ಉಜ್ಜಬೇಕು. ಅದಕ್ಕೆ ಮಾವನದ್ದೇ ಒಂದು ವಿಧಾನವಿತ್ತು. ಹಳೇ ಕರಿ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಭಾರವಿಟ್ಟು ಎಳೆಯುವುದು.

"ಕುಂತ್ಕಳವ್ವ," ಅಂದರು.

"ನಾನಾ?"

"ಮತ್ತೆ ಇಷ್ಟು ವರ್ಷ ಅಕ್ಕಿ ಮೂಟೆ ಇಟ್ಟು ಎಳ್ದೀನಿ. ಈಗ ನೀನಿದೀಯಲ್ಲ."

ಒಂದು ತುದಿ ಮಾವ, ಒಂದು ತುದಿ ನನ್ನ ಗಂಡ. ಕಂಬಳಿಯ ಮೇಲೆ ಕೂತ ನನ್ನನ್ನು ಗೋಡೆಯಿಂದ ಗೋಡೆಗೆ ಎಳೆದರು. ಸಾಬರು ಬಾಗಿಲಲ್ಲಿ ಕೂತು, "ಬಾಜೂ ಸರೀರಿ, ಜಟಕಾ ಬರ್ತೈತೆ!" ಎಂದು ಕೂಗಿದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ, ನನ್ನ ಸಿಟ್ಟು ಎಲ್ಲಿ ಹೋಯಿತೋ. ಜಾಲಿ ಮೂಲೆಗೆ ಬಂದಾಗ ಮಾವ ಮಗನನ್ನು ನಿಲ್ಲಿಸಿ ಕಂಬಳಿಯನ್ನು ತಾವೊಬ್ಬರೇ ಎಳೆದರು. ಅಲ್ಲಿ ಮಾತ್ರ ಏಳೆಂಟು ಸಲ ಹೋಗಿ ಬಂದರು. ನಾನು ನಗು ನಿಲ್ಲಿಸಿ ಅವರ ಬೆನ್ನನ್ನೇ ನೋಡುತ್ತಿದ್ದೆ.

ಎಂಜಿನಿಯರ್ ಸಾಹೇಬರು ಹೇಳಿದ ದಿನಕ್ಕೆ ಜೀಪಿನಲ್ಲಿ ಬಂದರು, ಜೊತೆಗೆ ಇಬ್ಬರು ಗುಮಾಸ್ತರು. ನಾನು ಟೀ ತಟ್ಟೆ ಹಿಡಿದು ಹಾಲಿನ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಸಾಹೇಬರು ಬೂಟಿನ ಹಿಮ್ಮಡಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿದರು. ಎಲ್ಲೂ ಟೊಳ್ಳು ಶಬ್ದ ಬರಲಿಲ್ಲ. ಕಿಟಕಿಯ ಬೆಳಕಿನಲ್ಲಿ ನೆಲದ ಜಡೆ ಮಿರುಗುತ್ತಿತ್ತು. ನನ್ನ ಉಸಿರು ಇನ್ನೇನು ಕೆಳಗಿಳಿಯಬೇಕು, ಅಷ್ಟರಲ್ಲಿ ಅವರು ಗೋಡೆಯ ಅಂಚಿನಲ್ಲಿ ಬಗ್ಗಿದರು. ಚಳಿಗಾಲದ ಬೆಂಕಿಗೂಡಿನ ಪಕ್ಕದ ಸಂದಿ. ಅದೊಂದು ಸಂದಿಯನ್ನು ನಾನು ಕೆದಕಿರಲಿಲ್ಲ. ಪೆನ್ನಿನ ಕ್ಯಾಪಿನಿಂದ ಒಂದು ಹಕ್ಕಳೆ ಎಬ್ಬಿಸಿ ಮೂಸಿ ನೋಡಿದರು.

"ಏನ್ರಿ ಇದು? ಸಗಣಿನಾ?"

ಗುಮಾಸ್ತರೂ ಬಗ್ಗಿ ನೋಡಿದರು.

"ಸಾಗುವಾನಿ ನೆಲಕ್ಕೆ ಸಗಣಿ! ಅದಕ್ಕೇ ಅಲ್ಲಲ್ಲಿ ತುಂಡು ಬೇರೆ ಬೇರೆ ಬಣ್ಣ. ಯಾರ್ರೀ ಮಾಡಿದ್ದು ಈ ಕೆಲಸ?"

ಅವರ ಕಣ್ಣು ಆಗಲೇ ನನ್ನ ಮೇಲೆ ಬಂದಿತ್ತು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ನಾನೇ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಆ ಹೊತ್ತಿನಲ್ಲೂ ನಾನು ನೋಡಿದ್ದು ಮಾವನ ಬಲಗೈಯನ್ನು. ಅದು ಮೇಲೆ ಎದ್ದಿತು. ತೋರುಬೆರಳು ನೇರವಾಗಿತ್ತು. ಅವರು ಅದನ್ನು ತಮ್ಮ ಎದೆಗೆ ಇಟ್ಟುಕೊಂಡರು.

"ನಾನೇ ಸ್ವಾಮಿ."

"ನೀನಾ? ನೀನು ಸಾರಿಸಿದ್ಯಾ?"

"ಹೌದು ಸ್ವಾಮಿ. ಈಗ ಸಾರಿಸಿದ್ದೂ ನಾನೇ. ಆ ಮೂಲೇಲಿ ಜಾಲಿ ಹಾಕೈತಲ್ಲ, ಆಗ ಸಾರಿಸಿದ್ದೂ ನಾನೇ."

ಸಾಹೇಬರು ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಆಮೇಲೆ ಜೋರಾಗಿ ನಕ್ಕರು. ಐವತ್ತು ದಾಟಿದ ಗಂಡಸು, ರುಮಾಲು ಸುತ್ತಿಕೊಂಡವನು, ಸೀರೆಯುಟ್ಟವರ ಹಾಗೆ ಬಗ್ಗಿ ಸಗಣಿ ಸಾರಿಸುವುದು! ಗುಮಾಸ್ತರು ನಕ್ಕರು. ಹೊರಗಿದ್ದ ಡ್ರೈವರನನ್ನೂ ಕರೆದು ಹೇಳಿದರು, ಅವನೂ ನಕ್ಕ. "ಮುದುಕನಿಗೆ ಅರಳುಮರಳು. ಮಗನಾದರೂ ನೆಟ್ಟಗಿದಾನೋ?" ಎಂದು ಸಾಹೇಬರು ಇನ್ನೊಮ್ಮೆ ಹಿಮ್ಮಡಿ ಕುಟ್ಟಿ, ಕೆಲಸ ಗಟ್ಟಿಯಾಗಿದೆ ಎಂದು ಒಪ್ಪಿಕೊಂಡು, ಕಾಗದಕ್ಕೆ ರುಜು ಹಾಕಿದರು. ಕೆಂಪು ಶಾಯಿ ಬೀಳಲಿಲ್ಲ. ಮಾವ ಅಷ್ಟು ಹೊತ್ತೂ ನೆಲ ನೋಡುತ್ತಾ ನಿಂತಿದ್ದರು. ಈ ಸಲ ಅವರು ಮಾತ್ರ ನಗಲಿಲ್ಲ.

ಡ್ರೈವರ್ ಸುಮ್ಮನಿರುತ್ತಾನೆಯೇ? ಎರಡು ದಿನದಲ್ಲಿ ಹಿರಿಯೂರಿನ ಸಂತೆಬೀದಿಗೆಲ್ಲ ಸುದ್ದಿ ಮುಟ್ಟಿತು. ಟೀ ಅಂಗಡಿಯಲ್ಲಿ, "ಬರ್ರಿ ಬರ್ರಿ ಮೇಟಿಯೋರೆ, ನಮ್ಮ ಅಂಗ್ಡೀನೂ ಒಂದ್ ಕೈ ಸಾರ್ಸಿ ಹೋಗ್ರಿ," ಎಂದು ಕೂಗುತ್ತಿದ್ದರು. ಸಗಣಿ ಮೇಟಿ ಎಂದು ಹೆಸರೇ ಬಿತ್ತು. ನನ್ನ ಗಂಡನಿಗೆ ಮುಖ ಕೆಂಪಾಗುತ್ತಿತ್ತು. ಮಾವ ಕೂತು ಟೀ ಕುಡಿದು, ಲೋಟ ಇಟ್ಟು ಬರುತ್ತಿದ್ದರಂತೆ.

ಆ ವಾರವೇ ನಾನು ನನ್ನ ಟ್ರಂಕಿನ ಬಟ್ಟೆಗಳನ್ನು ಹೊರಗೆ ತೆಗೆದು ಗೂಟಕ್ಕೆ ಹಾಕಿದೆ.

ಶುಕ್ರವಾರ ಬೆಳಿಗ್ಗೆ ನಮ್ಮ ಹಿಂದಿನ ಮನೆಯ ಮಣ್ಣು ನೆಲ ಸಾರಿಸಲು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಮಾವ ಹಿತ್ತಲಿಂದ ಬಂದರು. ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿದ್ದರು, ಕೈಯಲ್ಲಿ ಸಗಣಿಯ ಮಂಕರಿ.

"ಹೆಂಗೆ ಸಾರಿಸ್ತಾರೆ ತೋರ್ಸವ್ವ," ಅಂದರು.

"ನೀವ್ಯಾಕೆ ಮಾವ?"

"ಮಾಡಿದೀನಿ ಅಂತ ಹೇಳೀನಲ್ಲ. ಮಾಡಿರಬೇಕಲ್ಲ."

ನಾನು ಹಿಡಿ ಸಗಣಿ ಅವರ ಕೈಗೆ ಕೊಟ್ಟು, ನೀರು ಎಷ್ಟು ಎಂದು ಹೇಳಿ, ಅಂಗೈ ಹೇಗೆ ತಿರುಗಿಸಬೇಕೆಂದು ತೋರಿಸಿದೆ. ಅವರು ಗೋಡೆಯ ಬುಡದಲ್ಲಿ ಬಗ್ಗಿದರು. ಮೊದಲ ಕಮಾನಿನಲ್ಲೇ ಐದು ಬೆರಳಿನ ಗೆರೆಯೂ ಎದ್ದು ಕಂಡಿತು. ಕೆಟ್ಟ ಸಾರಣೆ. ನಮ್ಮೂರಲ್ಲಾಗಿದ್ದರೆ ಅಳಿಸಿ ಮತ್ತೆ ಮಾಡಿಸುತ್ತಿದ್ದರು.

"ಸರಿ ಐತಾ?" ಅಂದರು ತಲೆ ಎತ್ತದೆ.

"ಐತೆ ಮಾವ," ಅಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದು, ಇನ್ನೊಂದು ಹಿಡಿ ಸಗಣಿಗೆ ಕೈ ಚಾಚಿದರು.